ಮುಂದಿರೋದನ್ನ ಮೊದ್ಲು ಒತ್ತಿ: ಒಂದು ಕೆರೆ, ಒಂದು ದೋಣಿ, ನಾಲ್ಕು ಸಂಜೆ

ರಬ್ಬರ್ ಸ್ಟಾಂಪ್ ಇಟ್ಕೊಂಡು ಕಾರ್ಡ್ ಮಾಡೋಕೆ ಶುರು ಮಾಡಿ ಆರು ವರ್ಷ ಆಯ್ತು. ಅದ್ರಲ್ಲಿ ಮೊದಲ್ನೇ ಎರಡು ವರ್ಷ ನಾನು ಮಾಡಿದ್ದೆಲ್ಲ ಒಂದೇ ಥರದ್ದು, ನಡುವೆ ಒಂದು ಹೂವು ಒತ್ತೋದು, ಬಣ್ಣ ತುಂಬೋದು, ಕೆಳಗೆ ಒಂದು ಶುಭಾಶಯ, ಆಯ್ತು. ನೋಡೋಕೆ ಚೆನ್ನಾಗೇ ಇರ್ತಿತ್ತು, ಆದ್ರೆ ಅದು ಮುದ್ರೆ ಅಷ್ಟೇ, ಚಿತ್ರ ಅಲ್ಲ. ಆಮೇಲೆ ಒಂದಿನ ಹುಮ್ಮಸ್ಸು ಬಂದು ಪೂರ್ತಿ ಸೀನ್ ಮಾಡೋಣ ಅಂತ ಮನೆ, ಮರ, ಹಕ್ಕಿ, ಬೇಲಿ ಎಲ್ಲ ಒಂದೇ ಕಾಗದದ ಮೇಲೆ ಒತ್ತಿದೆ. ಪಕ್ಕದಲ್ಲಿ ಕೂತಿದ್ದ ಮಗು ನೋಡಿ ಕೇಳಿದ್ದು ಒಂದೇ ಪ್ರಶ್ನೆ, "ಮನೆ ಯಾಕೆ ಹಾರ್ತಾ ಇದೆ?" ನಿಜ, ಹಾರ್ತಾನೇ ಇತ್ತು. ಮರ ಮನೆಯೊಳಗಿಂದ ಬೆಳೆದಿತ್ತು, ಬೇಲಿ ಗೆರೆಗಳು ಮರದ ಮೈಮೇಲೆಲ್ಲ ಹಾದು ಹೋಗಿದ್ವು, ಯಾವ್ದು ಮುಂದೆ ಯಾವ್ದು ಹಿಂದೆ ಅಂತ ಕಾಗದಕ್ಕೇ ಗೊತ್ತಿರ್ಲಿಲ್ಲ.

ಅಲ್ಲಿಂದ ಕಲಿತಿದ್ದನ್ನ ಈಗ ಇತ್ತೀಚೆಗೆ ಮಾಡಿದ ಒಂದು ಕಾರ್ಡ್ ಇಟ್ಕೊಂಡು ಹೇಳ್ತೀನಿ. ಜೊತೆಗೆ ಕೆಲಸ ಮಾಡ್ತಿದ್ದ ಹಿರಿಯರೊಬ್ರು ರಿಟೈರ್ ಆಗ್ತಿದ್ರು, ಅವ್ರಿಗೆ ಅಂತ. ಮುಸ್ಸಂಜೆ ಹೊತ್ತು, ಒಂದು ಕೆರೆ, ಕೆರೇಲಿ ಖಾಲಿ ದೋಣಿ, ಆಚೆ ದಡದಲ್ಲಿ ಮರಗಳ ಸಾಲು, ಅದ್ರ ಹಿಂದೆ ಗುಡ್ಡ, ಮೇಲೆ ಚಂದ್ರ. ಹೇಳೋಕೆ ಇಷ್ಟೇ, ಮಾಡೋಕೆ ನಾಲ್ಕು ಸಂಜೆ ಹಿಡೀತು, ಅದ್ರಲ್ಲಿ ಒಂದು ಪೂರ್ತಿ ಸಂಜೆ ಹಾಳು ಮಾಡೋದ್ರಲ್ಲೇ ಹೋಯ್ತು.

ಮೊದ್ಲು ಕಾಗದ. ಎ4 ಶೀಟನ್ನ ಅರ್ಧಕ್ಕೆ ಕತ್ತರಿಸಿ ಮಡಚಿದ್ರೆ ಎ6 ಅಳತೆ ಕಾರ್ಡ್ ಬರುತ್ತೆ, 105 ಮಿಮೀ ಅಗಲ 148 ಮಿಮೀ ಉದ್ದ. ನಾನು ಚಿತ್ರವನ್ನ ಯಾವತ್ತೂ ನೇರವಾಗಿ ಕಾರ್ಡ್ ಮೇಲೆ ಮಾಡಲ್ಲ, ಬೇರೆ ತುಂಡಿನ ಮೇಲೆ ಮಾಡಿ ಆಮೇಲೆ ಅಂಟಿಸ್ತೀನಿ. ಕೆಟ್ಟೋದ್ರೆ ಆ ತುಂಡಷ್ಟೇ ಹೋಗುತ್ತೆ, ಕಾರ್ಡ್ ಉಳಿಯುತ್ತೆ, ಕೆಡ್ತಾನೂ ಇರುತ್ತೆ. ಆ ತುಂಡು ಸುತ್ತಲೂ 5 ಮಿಮೀ ಕಮ್ಮಿ, ಅಂದ್ರೆ 95ಕ್ಕೆ 138. ಕಾರ್ಡ್‌ಗೆ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಅನ್ನೋ ಲೆಕ್ಕ) ಕಾಗದ ಇದ್ರೆ ನೆಟ್ಟಗೆ ನಿಲ್ಲುತ್ತೆ. ಚಿತ್ರದ ತುಂಡು ಮಾತ್ರ ನುಣ್ಣಗಿರ್ಲೇಬೇಕು. ವಾಟರ್‌ಕಲರ್ ಪೇಪರ್ ಅಂತ ತರಿತರಿ ಇರೋದು ತಗೊಂಡ್ರೆ ಸ್ಟಾಂಪಿನ ಸಣ್ಣ ಗೆರೆಗಳು ಅಲ್ಲಲ್ಲಿ ತುಂಡಾಗಿ ಬೀಳ್ತವೆ, ಬೇಕಾದ್ರೆ ಹಾಟ್ ಪ್ರೆಸ್ ಅಂತ ಬರುತ್ತಲ್ಲ ಆ ನುಣುಪಾದ್ದು ತಗೊಳ್ಳಿ. ಮಡಚೋ ವಿಷ್ಯಕ್ಕೆ ಒಂದು ಮಾತು, ಕಾಗದಕ್ಕೂ ನಾರಿನ ದಿಕ್ಕು ಅಂತ ಇದೆ. ಎರಡೂ ಕಡೆ ಮೆಲ್ಲಗೆ ಬಗ್ಗಿಸಿ ನೋಡಿ, ಯಾವ ಕಡೆ ಸುಲಭವಾಗಿ ಬಗ್ಗುತ್ತೋ ಆ ಕಡೇಗೇ ಮಡಚಬೇಕು, ಉಲ್ಟಾ ಮಡಚಿದ್ರೆ ಬೆನ್ನಲ್ಲಿ ಬಿರುಕು ಬಿಟ್ಟು ಸಿಪ್ಪೆ ಎದ್ದಂಗೆ ಕಾಣುತ್ತೆ.

ಈಗ ಅಸಲಿ ವಿಷ್ಯ. ಪೇಂಟಿಂಗ್ ಮಾಡೋವ್ರು ಹಿಂದಿಂದ ಶುರು ಮಾಡ್ತಾರೆ, ಮೊದ್ಲು ಆಕಾಶ, ಆಮೇಲೆ ಗುಡ್ಡ, ಆಮೇಲೆ ಮರ, ಕೊನೆಗೆ ಮುಂದಿರೋ ವಸ್ತು, ಯಾಕಂದ್ರೆ ಬಣ್ಣದ ಮೇಲೆ ಬಣ್ಣ ಕೂತ್ಕೊಂಡು ಕೆಳಗಿನದನ್ನ ಮುಚ್ಚುತ್ತೆ. ಸ್ಟಾಂಪ್ ಇಂಕ್ ಹಂಗಲ್ಲ, ಅದು ಬಹುತೇಕ ಪಾರದರ್ಶಕ, ಕೆಳಗೆ ಇರೋದನ್ನ ಮುಚ್ಚಲ್ಲ, ಅದ್ರ ಜೊತೆ ಸೇರ್ಕೊಳ್ಳುತ್ತೆ. ಅದಕ್ಕೇ ಇಲ್ಲಿ ಎಲ್ಲ ಉಲ್ಟಾ. ಮುಂದಿರೋ ವಸ್ತುವನ್ನ ಮೊದ್ಲು ಒತ್ತಬೇಕು, ಅದ್ರ ಮೇಲೆ ಒಂದು ಕಾಗದದ ಮುಚ್ಚಳ ಹಾಕ್ಬೇಕು, ಆಮೇಲೆ ಅದ್ರ ಹಿಂದಿನದು, ಅದನ್ನೂ ಮುಚ್ಚಿ ಅದ್ರ ಹಿಂದಿನದು, ಹಿಂಗೆ ಹಿಂದೆ ಹಿಂದೆ ಹೋಗ್ಬೇಕು. ಈ ಮುಚ್ಚಳಕ್ಕೇ ಮಾಸ್ಕ್ ಅಂತಾರೆ. ನಂಗೆ ಇದು ತಲೆಗೆ ಹೋಗೋಕೆ ಬಹಳ ದಿನ ಹಿಡೀತು, ಒಮ್ಮೆ ಹೋದ್ಮೇಲೆ ಮಾತ್ರ ಸೀನ್ ಅಂದ್ರೆ ಒತ್ತೋ ಕೆಲ್ಸ ಕಮ್ಮಿ, ಮುಚ್ಚೋ ಕೆಲ್ಸ ಜಾಸ್ತಿ ಅನ್ನೋದು ಗೊತ್ತಾಯ್ತು.

ಹಂಗಾಗಿ ನಂದು ದೋಣಿಯಿಂದ ಶುರು. ದೋಣಿ ಸ್ಟಾಂಪ್ ಕ್ಲಿಯರ್ ಸ್ಟಾಂಪು, ಅಂದ್ರೆ ಫೋಟೋಪಾಲಿಮರ್ ಅನ್ನೋ ಮೆತ್ತನೆ ಪ್ಲಾಸ್ಟಿಕ್ ಥರದ್ದು, ಅಕ್ರಿಲಿಕ್ ಬ್ಲಾಕಿಗೆ ಅಂಟಿಸಿ ಒತ್ತೋದು. ಆರ್‌ಪಾರ್ ಕಾಣೋದ್ರಿಂದ ಎಲ್ಲಿ ಒತ್ತುತ್ತಿದೀವಿ ಅಂತ ಗೊತ್ತಾಗುತ್ತೆ, ಸೀನ್ ಮಾಡೋವ್ರಿಗೆ ಅದೇ ದೊಡ್ಡ ಉಪಕಾರ. ಸೂಕ್ಷ್ಮ ಗೆರೆಗಳು ಮಾತ್ರ ಹಳೇ ಕೆಂಪು ರಬ್ಬರಲ್ಲಿ ಮೂಡಿದಷ್ಟು ಗರಿಗರಿಯಾಗಿ ಇದ್ರಲ್ಲಿ ಮೂಡಲ್ಲ ಅನ್ನೋದು ನನ್ನ ಅಭಿಪ್ರಾಯ. ಹೊಸ ಕ್ಲಿಯರ್ ಸ್ಟಾಂಪಿನ ಮೈ ಜಾರ್ತಿರುತ್ತೆ, ಇಂಕ್ ಹನಿಹನಿಯಾಗಿ ಗುಂಪು ಕಟ್ಕೊಂಡು ಒತ್ತಿದಾಗ ಚುಕ್ಕಿ ಚುಕ್ಕಿ ಬೀಳುತ್ತೆ. ನಾನು ಮೊದ್ಲು ಸ್ಟಾಂಪೇ ಕೆಟ್ಟದ್ದು ಅಂದ್ಕೊಂಡು ಎರಡು ಎಸೆದಿದ್ದೆ, ಆಮೇಲೆ ತಿಳೀತು, ಪೆನ್ಸಿಲ್ ಅಳಿಸೋ ರಬ್ಬರಿಂದ ಅದ್ರ ಮೇಲೆ ಮೆಲ್ಲಗೆ ಉಜ್ಜಿದ್ರೆ ಆ ಜಾರು ಹೋಗಿ ಇಂಕ್ ಹಿಡಿಯುತ್ತೆ ಅಂತ. ಎಸೆದಿದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಇಂಕ್ ಹಚ್ಚೋವಾಗ ಸ್ಟಾಂಪನ್ನ ಪ್ಯಾಡಿಗೆ ಅದ್ದೋದಲ್ಲ, ಸ್ಟಾಂಪನ್ನ ಮೇಲ್ಮುಖ ಇಟ್ಟು ಪ್ಯಾಡನ್ನ ಅದ್ರ ಮೇಲೆ ತಟ್ಟೋದು. ಹಂಗೆ ಮಾಡಿದ್ರೆ ಇಂಕ್ ಎಲ್ಲಿ ಹತ್ತಿದೆ ಎಲ್ಲಿ ಇಲ್ಲ ಅಂತ ಕಣ್ಣಿಗೆ ಕಾಣುತ್ತೆ. ಒತ್ತೋವಾಗ ಅಲ್ಲಾಡಿಸ್ಬಾರ್ದು, ಆಫೀಸ್ ಸೀಲ್ ಒತ್ತಿ ಅಭ್ಯಾಸ ಇರೋವ್ರು ಗುದ್ದಿ ಆ ಕಡೆ ಈ ಕಡೆ ತಿರುವ್ತಾರೆ, ಅಂಚೆಲ್ಲ ಮಸಿ ಆಗುತ್ತೆ. ನೆಟ್ಟಗೆ ಇಡಿ, ನೆಟ್ಟಗೆ ಒತ್ತಿ, ನೆಟ್ಟಗೆ ಎತ್ತಿ.

ಯಾವ ಇಂಕು ಅನ್ನೋದ್ರಲ್ಲೇ ನನ್ನ ಆ ಒಂದು ಸಂಜೆ ಹಾಳಾಗಿದ್ದು. ದೋಣಿ ಗೆರೆಗಳನ್ನ ಕೈಗೆ ಸಿಕ್ಕಿದ ಒಂದು ಕಪ್ಪು ಡೈ ಇಂಕಲ್ಲಿ ಒತ್ತಿ, ಒಣಗಿದೆ ಅಂದ್ಕೊಂಡು ನೀರಿನ ಬ್ರಶ್‌ನಲ್ಲಿ ಬಣ್ಣ ತುಂಬೋಕೆ ಹೋದೆ, ಗೆರೆಗಳೆಲ್ಲ ಕರಗಿ ದೋಣಿ ಪೂರ್ತಿ ಬೂದು ಮುದ್ದೆ ಆಯ್ತು. ಡೈ ಇಂಕ್ ಅಂದ್ರೆ ಬಣ್ಣ ದ್ರವದಲ್ಲಿ ಪೂರ್ತಿ ಕರಗಿರುತ್ತೆ, ಕಾಗದದೊಳಗೆ ಇಳಿಯುತ್ತೆ, ಬೇಗ ಒಣಗುತ್ತೆ, ತುಂಬಾ ಡೈ ಇಂಕ್‌ಗಳು ನೀರು ತಾಗಿದ್ರೆ ಮತ್ತೆ ಎದ್ದು ಬರ್ತವೆ. ಪಿಗ್ಮೆಂಟ್ ಇಂಕಲ್ಲಿ ಬಣ್ಣದ ಸಣ್ಣ ಕಣಗಳಿರ್ತವೆ, ಅವು ಕಾಗದದ ಮೇಲೆ ಕೂರ್ತವೆ, ಒಣಗೋಕೆ ಟೈಮ್ ಬೇಕು. ನೀರಿನ ಬಣ್ಣ ತುಂಬೋದಾದ್ರೆ ನಾನೀಗ ವರ್ಸಾಫೈನ್ ಕಪ್ಪು ಬಳಸ್ತೀನಿ, ಅದು ಪಿಗ್ಮೆಂಟು, ಚೆನ್ನಾಗಿ ಒಣಗಿದ್ರೆ ನೀರಿಗೆ ಜಗ್ಗಲ್ಲ. ಆದ್ರೆ ಅದ್ರ ಮೇಲೆ ಆಲ್ಕೋಹಾಲ್ ಮಾರ್ಕರ್ ಓಡಿಸಿದ್ರೆ ಮಸಿ ಹರಡುತ್ತೆ, ಮಾರ್ಕರ್ ಬಳಸೋವ್ರಿಗೆ ಮೆಮೆಂಟೊ ಥರದ ಡೈ ಇಂಕೇ ಸರಿ. ಅಂದ್ರೆ ಇಂಕ್ ಒಳ್ಳೇದೋ ಕೆಟ್ಟದ್ದೋ ಅಂತಲ್ಲ, ಅದ್ರ ಮೇಲೆ ಮುಂದೆ ಏನು ಹಚ್ತೀರಿ ಅನ್ನೋದನ್ನ ಮೊದ್ಲೇ ಯೋಚಿಸ್ಬೇಕು. ಒಂದು ಚೂರು ಕಾಗದದ ಮೇಲೆ ಟೆಸ್ಟ್ ಮಾಡಿದ್ರೆ ಎರಡು ನಿಮಿಷದ ಕೆಲ್ಸ, ನಾನು ಮಾಡ್ಲಿಲ್ಲ.

ಎರಡನೇ ಸಂಜೆ ಮತ್ತೆ ಹೊಸ ತುಂಡು. ಮೊದ್ಲು ಪೆನ್ಸಿಲ್ಲಲ್ಲಿ ತೀರಾ ಹಗುರವಾಗಿ ನೀರು ಮತ್ತು ದಡ ಸೇರೋ ಗೆರೆ ಎಳ್ಕೊಂಡೆ, ಸ್ಕೇಲ್ ಇಟ್ಟು, ಕೆಳಗಿಂದ ಸುಮಾರು ಮೂರನೇ ಒಂದು ಭಾಗದ ಎತ್ತರಕ್ಕೆ. ಈ ಗೆರೆ ಎರಡು ಮಿಮೀ ವಾಲಿದ್ರೂ ಕೆರೆ ನೀರೆಲ್ಲ ಒಂದು ಕಡೆ ಸುರಿದು ಹೋಗ್ತಾ ಇದೆ ಅನ್ಸುತ್ತೆ, ಕಣ್ಣು ಅದನ್ನ ಕ್ಷಮಿಸಲ್ಲ. ದೋಣಿಯನ್ನ ಆ ಗೆರೆಗಿಂತ ಕೆಳಗೆ, ನಡುವೆ ಅಲ್ಲ, ಸ್ವಲ್ಪ ಎಡಕ್ಕೆ ಒತ್ತಿದೆ. ದೋಣಿ ತಳ ಎಷ್ಟು ಕೆಳಗಿದ್ರೆ ಅಷ್ಟು ನಮಗೆ ಹತ್ತಿರ. ಒತ್ತಿ ಹೀಟ್ ಗನ್ನಲ್ಲಿ ಒಣಗಿಸಿ, ಕಂದು ಬಣ್ಣ ತುಂಬಿ, ಮತ್ತೆ ಒಣಗೋಕೆ ಬಿಟ್ಟೆ.

ಮಾಸ್ಕಿಗೆ ಹಿಂದೆ ಅಂಟು ಇರೋ ಸ್ಟಿಕಿ ನೋಟ್ ಸಾಕು, ಅದ್ರದ್ದು ಹಗುರ ಅಂಟು, ಕಾಗದ ಕಿತ್ಕೊಂಡು ಬರಲ್ಲ. ಅಂಟಿರೋ ಜಾಗದ ನೇರಕ್ಕೆ ಮುಂಭಾಗದಲ್ಲಿ ಅದೇ ದೋಣಿ ಒತ್ತಿ, ಕತ್ತರಿಸಿ, ಚಿತ್ರದ ಮೇಲೆ ಕೂರಿಸೋದು. ಕತ್ತರಿಸೋವಾಗ ಗೆರೆ ಹೊರಗೆ ಹೋಗ್ಬಾರ್ದು. ಗೆರೆಗಿಂತ ಹೊರಗೆ ಒಂದು ಮಿಮೀ ಬಿಟ್ರೂ ಕೊನೆಗೆ ದೋಣಿ ಸುತ್ತ ಬಿಳಿ ಅಂಚು ಉಳಿದು, ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದಂಗೆ ಕಾಣುತ್ತೆ. ಗೆರೆಯ ಮೇಲೇ, ಅಥ್ವಾ ಕೂದಲೆಳೆಯಷ್ಟು ಒಳಗೇ ಕತ್ತರಿಸಿ. ಕತ್ತರಿಯನ್ನ ತಿರುಗಿಸ್ಬೇಡಿ, ಕಾಗದವನ್ನ ತಿರುಗಿಸಿ. ಮಾಸ್ಕನ್ನ ಕೆಲ್ಸ ಆದ್ಮೇಲೆ ಎಸೀಬೇಡಿ, ಸ್ಟಾಂಪಿನ ಪ್ಯಾಕೆಟ್ಟಲ್ಲೇ ಇಟ್ಕೊಳ್ಳಿ, ನನ್ನ ದೋಣಿ ಮಾಸ್ಕ್ ನಾಲ್ಕೈದು ಕಾರ್ಡ್ ಬಾಳಿಕೆ ಬಂದಿದೆ.

ಚಂದ್ರಂಗೂ ಅದೇ, ಒಂದು ದುಂಡನೆ ಸ್ಟಿಕಿ ನೋಟ್ ತುಂಡು ಆಕಾಶದಲ್ಲಿ ಅಂಟಿಸಿದೆ, ಅಷ್ಟೇ. ಚಂದ್ರನ್ನ ನಾವು ಬರಿಯಲ್ಲ, ಬರೀದೇ ಬಿಡ್ತೀವಿ.

ಆಕಾಶ ಮಾಡೋದು ನಂಗೆ ಎಲ್ಲಕ್ಕಿಂತ ಇಷ್ಟದ ಭಾಗ. ಡಿಸ್ಟ್ರೆಸ್ ಇಂಕ್ ಅಂತ ನೀರಿಗೆ ಸ್ಪಂದಿಸೋ ಡೈ ಇಂಕ್ ಬರುತ್ತೆ, ಅದನ್ನ ಮೆತ್ತನೆ ಬ್ಲೆಂಡಿಂಗ್ ಬ್ರಶ್‌ನಲ್ಲಿ ತಗೊಂಡು ಉಜ್ಜೋದು. ಮೂರೇ ಬಣ್ಣ, ಹಳದಿ, ಗುಲಾಬಿ, ನೀಲಿ. ದಡದ ಹತ್ರ ಹಳದಿ, ಅದ್ರ ಮೇಲೆ ಗುಲಾಬಿ, ತುದೀಲಿ ನೀಲಿ. ಹಳದಿಗೆ ಗುಲಾಬಿ ಸೇರೋ ಕಡೆ ತಾನೇ ಕಿತ್ತಳೆ ಆಗುತ್ತೆ, ಗುಲಾಬಿಗೆ ನೀಲಿ ಸೇರೋ ಕಡೆ ನೇರಳೆ ಆಗುತ್ತೆ, ಐದು ಬಣ್ಣದ ಸಂಜೆ ಮೂರು ಪ್ಯಾಡಲ್ಲೇ ಸಿಗುತ್ತೆ. ನಡುವೆ ಗುಲಾಬಿ ಇಡದೆ ಹಳದಿಗೆ ನೇರವಾಗಿ ನೀಲಿ ತಾಗಿಸಿದ್ರೆ ಆಕಾಶ ಹಸಿರು, ಕಿತ್ತಳೆಗೆ ನೀಲಿ ತಾಗಿಸಿದ್ರೆ ಕೆಸರು. ಪ್ರತಿ ಬಣ್ಣಕ್ಕೂ ಬೇರೆ ಬ್ರಶ್ ಇಟ್ಕೊಳ್ಳಿ, ಇಲ್ಲಾಂದ್ರೆ ಹಳದಿ ಪ್ಯಾಡ್ ಒಂದೇ ತಿಂಗಳಲ್ಲಿ ಹಸಿರಾಗುತ್ತೆ.

ಬ್ರಶ್ಶನ್ನ ನೇರವಾಗಿ ಚಿತ್ರದ ಮೇಲೆ ಇಡ್ಬಾರ್ದು, ಇಟ್ಟ ಜಾಗದಲ್ಲಿ ಕಲೆ ಬೀಳುತ್ತೆ, ಅದು ಆಮೇಲೆ ಎಷ್ಟು ಉಜ್ಜಿದ್ರೂ ಹೋಗಲ್ಲ. ಕಾಗದದ ಹೊರಗೆ, ಕೆಳಗೆ ಹಾಸಿರೋ ಶೀಟಿನ ಮೇಲೆ ಸುತ್ತೋಕೆ ಶುರು ಮಾಡಿ, ಹಂಗೇ ಸುತ್ತುತ್ತಾ ಸುತ್ತುತ್ತಾ ಒಳಗೆ ಬರ್ಬೇಕು, ರಂಗು ಕಮ್ಮಿ ಕಮ್ಮಿ ಹಚ್ಚಿ ನಾಲ್ಕೈದು ಸಲ ಪದರ ಕಟ್ಬೇಕು, ಅವಸರಕ್ಕೆ ಒಂದೇ ಸಲ ಗಾಢ ಮಾಡೋಕೆ ಹೋದ್ರೆ ಪಟ್ಟೆ ಪಟ್ಟೆ ಕಾಣುತ್ತೆ. ಕೈ ತೊಳ್ಕೊಂಡು ಕೂರಿ, ಬೆರಳಿನ ಜಿಡ್ಡು ತಾಗಿದ ಕಡೆ ಇಂಕ್ ಸರಿಯಾಗಿ ಹಿಡಿಯಲ್ಲ, ನನ್ನ ಹಳೇ ಕಾರ್ಡೊಂದ್ರಲ್ಲಿ ಆಕಾಶದ ಮೂಲೇಲಿ ನನ್ನ ಹೆಬ್ಬೆಟ್ಟು ಸ್ಪಷ್ಟವಾಗಿ ಇದೆ, ಸಹಿ ಹಾಕಿದಂಗೆ.

ನೀರಿಗೂ ಅದೇ ಬಣ್ಣಗಳು, ಆದ್ರೆ ತಲೆಕೆಳಗಾಗಿ, ದಡದ ಹತ್ರ ಹಳದಿ, ಕೆಳಗೆ ಬರ್ತಾ ನೀಲಿ, ಯಾಕಂದ್ರೆ ನೀರಲ್ಲಿ ಕಾಣೋದು ಆಕಾಶವೇ. ಆದ್ರೆ ಇಲ್ಲಿ ಸುತ್ತಿ ಸುತ್ತಿ ಉಜ್ಜಬಾರ್ದು, ಅಡ್ಡಡ್ಡ ಎಳೀಬೇಕು, ಆಗ ನೀರು ನೀರಿನ ಥರ ಮಲಗುತ್ತೆ.

ಗುಡ್ಡಕ್ಕೆ ಸ್ಟಾಂಪೇ ಬೇಡ. ಒಂದು ಕಾಗದವನ್ನ ಕೈಯಲ್ಲೇ ಅಂಕುಡೊಂಕಾಗಿ ಹರಿದು, ಆ ಹರಿದ ಅಂಚಿನ ಮೇಲಿಂದ ಕೆಳಕ್ಕೆ ನೀಲಿ ಉಜ್ಜಿದ್ರೆ ಗುಡ್ಡದ ಸಾಲು ಎದ್ದು ಬರುತ್ತೆ. ನೀರಿನ ಭಾಗವನ್ನ ಮಾತ್ರ ಆ ಹೊತ್ತು ಟೇಪ್ ಹಾಕಿ ಮುಚ್ಚಿರ್ಬೇಕು, ಆ ಟೇಪನ್ನೂ ಒಂದು ಸಲ ಬಟ್ಟೆಗೆ ಅಂಟಿಸಿ ಕಿತ್ತು ಅಂಟು ಕಮ್ಮಿ ಮಾಡ್ಕೊಳ್ಳಿ.

ಮರಗಳ ವಿಷ್ಯಕ್ಕೆ ಬಂದ್ರೆ, ಇದೊಂದು ಟ್ರಿಕ್ ತಿಳಿದ ದಿನ ನಾನು ಊಟ ಬಿಟ್ಟು ಕೂತಿದ್ದೆ. ಒಂದೇ ಮರದ ಸ್ಟಾಂಪು, ಒಂದೇ ಪ್ಯಾಡು. ಇಂಕ್ ಹಚ್ಚಿ ಒತ್ತಿದ್ರೆ ಗಾಢ ಮರ. ಮತ್ತೆ ಇಂಕ್ ಹಚ್ಚದೆ ಅದೇ ಸ್ಟಾಂಪನ್ನ ಪಕ್ಕಕ್ಕೆ ಒತ್ತಿದ್ರೆ ತಿಳಿ ಮರ. ಮೂರನೇ ಸಲ ಒತ್ತಿದ್ರೆ ಮಂಜಿನೊಳಗಿನ ಮರ. ದೂರ ಹೋದಂಗೆಲ್ಲ ನಡುವೆ ಗಾಳಿ, ತೇವ, ಧೂಳು ಜಾಸ್ತಿ ಆಗಿ ಬಣ್ಣ ಮಂಕಾಗುತ್ತಲ್ಲ, ಅದನ್ನೇ ಸ್ಟಾಂಪು ತಾನೇ ಮಾಡಿಕೊಡುತ್ತೆ. ಇಲ್ಲಿ ನಾನು ಉಲ್ಟಾ ನಿಯಮವನ್ನ ಮುರೀತೀನಿ. ಮರಗಳು ಬರೀ ನೆರಳಿನ ಆಕಾರ, ಒಳಗೆ ಗೆರೆ ಬಣ್ಣ ಏನಿಲ್ಲ, ಹಂಗಾಗಿ ತಿಳಿಯಾದ್ದು ಮೊದ್ಲು, ಗಾಢದ್ದು ಅದ್ರ ಮೇಲೆ. ಗಾಢ ಬಣ್ಣ ತಿಳಿಯನ್ನ ನುಂಗುತ್ತೆ, ಮಾಸ್ಕ್ ಬೇಕಾಗಲ್ಲ. ತಿಳಿ ಮರ ಬೇಕಾದಾಗ ಮೊದಲ್ನೇ ಒತ್ತು ರದ್ದಿ ಕಾಗದದ ಮೇಲೆ, ಎರಡನೇದು ಚಿತ್ರದ ಮೇಲೆ. ನಡುವೆ ಇಂಕ್ ಆರ್ತಿದೆ ಅನ್ಸಿದ್ರೆ ಸ್ಟಾಂಪಿನ ಮೇಲೆ ಬಾಯಿಂದ ಹಾ ಅಂತ ಬಿಸಿಯುಸಿರು ಬಿಡಿ, ಕನ್ನಡಕ ಒರೆಸೋಕೆ ಬಿಡ್ತೀವಲ್ಲ ಹಂಗೆ, ಮತ್ತೆ ತೇವ ಆಗಿ ಒಂದು ಒತ್ತು ಕೊಡುತ್ತೆ.

ಮರಗಳ ಪ್ರತಿಬಿಂಬಕ್ಕೆ ನನ್ನತ್ರ ಬೇರೆ ಸ್ಟಾಂಪ್ ಇರ್ಲಿಲ್ಲ. ಸ್ಟಾಂಪನ್ನ ಸುಮ್ನೆ ತಲೆಕೆಳಗು ಮಾಡಿ ಒತ್ತಿದ್ರೆ ಎಡಕ್ಕೆ ಬಾಗಿದ ಕೊಂಬೆ ಬಲಕ್ಕೆ ಹೋಗುತ್ತೆ, ನೀರಲ್ಲಿ ಹಂಗಾಗಲ್ಲ, ಎಡಕ್ಕಿದ್ದಿದ್ದು ಎಡಕ್ಕೇ ಇರುತ್ತೆ. ಅದಕ್ಕೆ ಸ್ಟಾಂಪ್ ಕೆತ್ತೋಕೆ ಅಂತ ಬರೋ ಮೆತ್ತನೆ ರಬ್ಬರ್ ಹಾಳೆ ತಗೊಂಡು, ಇನ್ನೂ ಏನೂ ಕೆತ್ತದ ನುಣ್ಣನೆ ಮೈ ಮೇಲೆ ಮರ ಒತ್ತಿದೆ, ಇಂಕ್ ಆರೋದ್ರೊಳಗೆ ಆ ಹಾಳೆಯನ್ನೇ ತಿರುಗಿಸಿ ನೀರಿನ ಮೇಲೆ ಒತ್ತಿದೆ. ಒಂದ್ಸಲ ರಬ್ಬರಿಗೆ, ಮತ್ತೊಂದ್ಸಲ ಕಾಗದಕ್ಕೆ, ಹಿಂಗೆ ಎರಡು ಸಲ ಒತ್ತಿದ್ರಿಂದ ಕನ್ನಡೀಲಿ ಕಂಡಂಗೆ ಸರಿಯಾಗಿ ಬಂತು, ಮತ್ತೆ ಇಂಕು ಅರ್ಧ ಅಲ್ಲೇ ಉಳಿದಿದ್ರಿಂದ ನೀರಿನೊಳಗಿನ ಮರ ಎಷ್ಟು ಮಂಕಾಗಿರ್ಬೇಕೋ ಅಷ್ಟೇ ಮಂಕು. ಮೊದಲ್ನೇ ಪ್ರಯತ್ನಕ್ಕೇ ಬಂದಿದ್ದಲ್ಲ, ರದ್ದಿ ಕಾಗದದ ಮೇಲೆ ಆರೇಳು ಸಲ ಜಾರಿತ್ತು.

ಚಂದ್ರನ ಬೆಳಕಿನ ದಾರಿಗೆ ನೀರೇ ಸಾಕು. ಆ ಇಂಕ್ ನೀರಿಗೆ ಏಳುತ್ತೆ ಅಂದ್ನಲ್ಲ, ಒದ್ದೆ ಬ್ರಶ್‌ನಲ್ಲಿ ಚಂದ್ರನ ನೇರ ಕೆಳಗೆ ಸಣ್ಣ ಸಣ್ಣ ಅಡ್ಡ ಗೆರೆ ಎಳೆದು, ಒಂದೆರಡು ಸೆಕೆಂಡ್ ಬಿಟ್ಟು ಟಿಶ್ಯೂ ಒತ್ತಿ ಎತ್ತಿದೆ, ಬಣ್ಣ ಎದ್ದು ತಿಳಿಯಾದ ಗೆರೆಗಳು ಉಳಿದ್ವು. ಮೊದ್ಲು ನನ್ನ ದೋಣಿ ಕರಗಿಸಿದ್ದ ಗುಣವೇ ಇಲ್ಲಿ ಕೈ ಹಿಡೀತು.

ಕೊನೆಗೆ ನಕ್ಷತ್ರ. ಬಿಳಿ ಗ್ವಾಶ್ ಬಣ್ಣವನ್ನ, ಅಂದ್ರೆ ಕೆಳಗಿನದನ್ನ ಮುಚ್ಚೋ ಮಂದ ನೀರಿನ ಬಣ್ಣವನ್ನ, ಹಾಲಿನಷ್ಟು ತೆಳ್ಳಗೆ ಮಾಡಿ, ಹಳೇ ಹಲ್ಲುಜ್ಜೋ ಬ್ರಶ್‌ಗೆ ತಗೊಂಡು ಹೆಬ್ಬೆರಳಿಂದ ಮೀಟಿದ್ರೆ ಸಣ್ಣ ಸಣ್ಣ ಚುಕ್ಕಿ ಉದುರ್ತವೆ. ಮೊದಲ್ನೇ ಮೀಟು ಯಾವಾಗ್ಲೂ ರದ್ದಿ ಮೇಲೆ, ಅದ್ರಲ್ಲಿ ದೊಡ್ಡ ಹನಿ ಬೀಳುತ್ತೆ. ಇಷ್ಟೆಲ್ಲ ಹೇಳೋ ನಾನು ಆ ಹೊತ್ತಿಗೆ ಚಿತ್ರ ಹೆಂಗೆ ಬಂದಿದೆ ನೋಡೋ ಆಸೆಗೆ ದೋಣಿ ಮಾಸ್ಕನ್ನ ಆಗ್ಲೇ ಕಿತ್ತಾಗಿತ್ತು, ನೀರಿನ ಭಾಗವನ್ನೂ ಸರಿಯಾಗಿ ಮುಚ್ಚಿರ್ಲಿಲ್ಲ. ಒಂದು ಚುಕ್ಕಿ, ಸರಿಯಾಗಿ ದೋಣಿ ಒಳಗೆ ಬಿತ್ತು. ಒರೆಸಿದ್ರೆ ಕಂದು ಬಣ್ಣ ಎದ್ದೇಳುತ್ತೆ, ಮುಚ್ಚಿದ್ರೆ ಕಲೆ ಕಾಣುತ್ತೆ. ಬಿಟ್ಟೆ.

ನಾಲ್ಕನೇ ಸಂಜೆ ಬರಹಕ್ಕೆ. ಕನ್ನಡದಲ್ಲಿ ನಂಗೆ ಬೇಕಾದ ಮಾತಿನ ಸ್ಟಾಂಪ್ ಇಲ್ದೆ ಇದ್ದಿದ್ರಿಂದ ನಾನೇ ಕೆತ್ತಿದೆ, "ಇನ್ನು ಆರಾಮ" ಅಂತ. ಸ್ಟಾಂಪಲ್ಲಿ ಅಕ್ಷರ ತಿರುಗುಮುರುಗಾಗಿರ್ಬೇಕು, ಅದನ್ನ ತಲೇಲಿ ತಿರುಗಿಸೋ ಕಷ್ಟ ಬೇಡ, ಟ್ರೇಸಿಂಗ್ ಪೇಪರ್ ಮೇಲೆ ಮೆತ್ತನೆ ಪೆನ್ಸಿಲ್ಲಲ್ಲಿ ಸರಿಯಾಗೇ ಬರೆದು, ಬರೆದ ಮೈಯನ್ನ ರಬ್ಬರ್ ಮೇಲೆ ಬೋರಲು ಹಾಕಿ ಉಗುರಲ್ಲಿ ಉಜ್ಜಿದ್ರೆ ತಾನೇ ಉಲ್ಟಾ ಇಳಿಯುತ್ತೆ. ನಮ್ಮ ಅಕ್ಷರಗಳೆಲ್ಲ ದುಂಡು, ಚಾಕು ಹಿಡಿದ ಕೈ ದುಂಡಕ್ಕೆ ಓಡಲ್ಲ, ಹಂಗಾಗಿ ಕೈ ನಿಲ್ಲಿಸಿ ರಬ್ಬರನ್ನ ತಿರುಗಿಸ್ತಾ ಹೋಗ್ಬೇಕು. ಗೆರೆ ಪಕ್ಕ ಚಾಕುವನ್ನ ಹೊರಗಡೆ ಓರೆ ಮಾಡಿ ಕೊರೀಬೇಕು, ಗೆರೆಗೆ ಬುಡದಲ್ಲಿ ದಪ್ಪ ಉಳಿಯುತ್ತೆ, ಒಳಗಡೆ ಓರೆ ಮಾಡಿದ್ರೆ ಬುಡ ಕೊರೆದೋಗಿ ನಾಲ್ಕು ಸಲ ಒತ್ತೋದ್ರೊಳಗೆ ಗೆರೆ ಮುರಿಯುತ್ತೆ. ನನ್ನ ಮೊದಲ್ನೇ ಕೆತ್ತನೆಯಲ್ಲಿ ನಾವತ್ತು ಕಿತ್ಕೊಂಡು ಬಂದು "ಇನು ಆರಾಮ" ಆಯ್ತು, ಎರಡನೇದ್ರಲ್ಲಿ ಒತ್ತಕ್ಷರವನ್ನ ಬೇಕಂತಲೇ ಸ್ವಲ್ಪ ದೊಡ್ಡದಾಗಿ, ಮೇಲಿನ ಅಕ್ಷರಕ್ಕೆ ತಾಗಿಸಿ ಬರೆದೆ, ನಿಂತ್ಕೊಂತು.

ಆ ಮಾತನ್ನ ಚಿತ್ರದ ಮೇಲೆ ಒತ್ತೋ ಧೈರ್ಯ ಬರ್ಲಿಲ್ಲ, ಬೇರೆ ಪಟ್ಟಿ ಮೇಲೆ ಒತ್ತಿ ಕತ್ತರಿಸಿ ಕೆಳಗಡೆ ಅಂಟಿಸಿದೆ. ಚಿತ್ರದ ತುಂಡನ್ನ ಕಾರ್ಡ್‌ಗೆ ಫೋಮ್ ಟೇಪಲ್ಲಿ ಕೂರಿಸಿದೆ, ಒಂದು ಎರಡು ಮಿಮೀ ಎತ್ತರ ಬಂದು ಅಂಚಿನ ಸುತ್ತ ಸಣ್ಣ ನೆರಳು ಬೀಳುತ್ತೆ. ಕವರ್ ಮಾತ್ರ ಸ್ವಲ್ಪ ದೊಡ್ಡದು ಬೇಕು, ಇಲ್ಲಾಂದ್ರೆ ಅಂಚು ಮುದುಡುತ್ತೆ.

ಸ್ಟಾಂಪುಗಳನ್ನ ಅವತ್ತೇ ತೊಳೆದಿಟ್ಟೆ, ಒದ್ದೆ ಬಟ್ಟೇಲಿ ಒರೆಸಿದ್ರೆ ಡೈ ಇಂಕ್ ಹೋಗುತ್ತೆ, ಕ್ಲಿಯರ್ ಸ್ಟಾಂಪಲ್ಲಿ ಬಣ್ಣದ ಛಾಯೆ ಉಳಿದ್ರೆ ತಲೆ ಕೆಡಿಸ್ಕೊಬೇಡಿ, ಅದು ಮುಂದಿನ ಒತ್ತಿಗೆ ಬರಲ್ಲ, ಬಿಸಿಲಲ್ಲಿ ಮಾತ್ರ ಒಣಗಿಸ್ಬೇಡಿ, ಹಳದಿ ಆಗಿ ಗಟ್ಟಿಯಾಗುತ್ತೆ.

ಕಾರ್ಡ್ ಕೊಟ್ಟಾಗ ಅವ್ರು ಕನ್ನಡಕ ಹಾಕ್ಕೊಂಡು, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ರು. ನಾನು ಪ್ರತಿಬಿಂಬದ ಬಗ್ಗೆ ಕೇಳ್ತಾರೇನೋ, ಆಕಾಶದ ಬಗ್ಗೆ ಏನಾದ್ರೂ ಅಂತಾರೇನೋ ಅಂತ ಕಾಯ್ತಿದ್ದೆ. ಅವ್ರು ದೋಣಿ ಮೇಲೆ ಬೆರಳಿಟ್ಟು, "ಇಲ್ಲೊಂದು ನಕ್ಷತ್ರ ಇದೆಯಲ್ಲ?" ಅಂದ್ರು.

"ಹೂಂ ಸರ್, ಬಿದ್ದಿದ್ದು" ಅಂದೆ.